ಎರೆಹೊಲದ ಗಾಲ್ಫು, ಗೌಡರ ಎಡಭುಜ

ಯಾದಗಿರಿ ಜಿಲ್ಲೆಯಲ್ಲಿ ಗಾಲ್ಫ್ ಆಡಿ ಭುಜ ಕೆಡಿಸಿಕೊಂಡವರಿಗೆ ಚಿಕಿತ್ಸೆ ಕೊಟ್ಟ ಫಿಸಿಯೋಥೆರಪಿಸ್ಟ್ ಬಹುಶಃ ನಾನೊಬ್ಬಳೇ. ಹೆಮ್ಮೆಯಿಂದ ಹೇಳುತ್ತಿಲ್ಲ, ಆ ಪ್ರಸಂಗ ಬೇರೆ ಯಾರ ಪಾಲಿಗೂ ಬರಲಿಲ್ಲ ಎಂದಷ್ಟೇ ಇದರ ಅರ್ಥ. ಈಚೆಗೆ ಈ ವೃತ್ತಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಶಹಾಪುರದ ನನ್ನ ಮನೆಗೆ ಬಂದಿದ್ದರು. ಅವರಲ್ಲೊಬ್ಬಳು, "ಮೇಡಂ, ಗಾಲ್ಫ್ ಆಡೋರ ಭುಜದ ಬಗ್ಗೆ ನಮಗೊಂದು ಪಾಠನೇ ಇತ್ರಿ. ಪರೀಕ್ಷಿಗಿ ಬಾಯಿಪಾಠ ಮಾಡಿದ್ವಿ. ನಮ್ಮ ಕಡಿ ಅದು ಯಾತಕ್ಕ ಬೇಕ್ರಿ?" ಎಂದು ನಕ್ಕಳು. ನಾನು ನಗಲಿಲ್ಲ. ಚಹಾ ಕೊಟ್ಟು ಕೂಡಿಸಿ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ನಸೀಮಾ. ಸುರಪುರದಲ್ಲಿ ನಮ್ಮ ಅಬ್ಬಾ ದರ್ಜಿಯಾಗಿದ್ದರು. ಅಂಗಿಗೆ ತೋಳು ಕೂಡಿಸುವಾಗ ಮಾತ್ರ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಎದೆ, ಬೆನ್ನು ಎಲ್ಲ ನೇರ ಹೊಲಿಗೆ. ಭುಜ ಎಲ್ಲ ದಿಕ್ಕಿಗೂ ತಿರುಗಬೇಕು, ಕಿತ್ತೂ ಬರಬಾರದು. ಮುಂದೆ ಕಾಲೇಜಿನಲ್ಲಿ ಭುಜದ ಕೀಲಿನ ಬಗ್ಗೆ ಓದಿದಾಗ ನನಗೆ ಹೊಸದೇನೂ ಅನಿಸಲಿಲ್ಲ.

ಬಡ್ತಿ, ಸನ್ಮಾನ, ಪ್ರಶಸ್ತಿಗಳ ಬಗ್ಗೆ ಬರೆಯುವುದಿಲ್ಲ. ಬಂದಿದ್ದರೆ ಬರೆಯುತ್ತಿದ್ದೆ.

ಸರ್ಕಾರಿ ಆಸ್ಪತ್ರೆಯ ಕೆಲಸಕ್ಕೆ ಸೇರಿದ ದಿನವೇ ನನ್ನ ಪದವಿ ಹೋಯಿತು. ಫಿಸಿಯೋಥೆರಪಿಸ್ಟ್ ಎಂದು ಕೋಣೆಯ ಮುಂದೆ ಬೋರ್ಡು ಹಾಕಿದ್ದರು. ಅದನ್ನು ಓದುವ ತ್ರಾಸು ಯಾರೂ ತೆಗೆದುಕೊಳ್ಳಲಿಲ್ಲ. ಕೆಲವರಿಗೆ ನಾನು 'ಮಾಲೀಸು ಡಾಕ್ಟರಮ್ಮ', ಕೆಲವರಿಗೆ 'ಕರೆಂಟು ಬಾಯಿ'. ಬಾಯಿ ಎಂದರೆ ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಕರೆಂಟು ಯಾಕೆಂದರೆ ನನ್ನ ಕೋಣೆಯಲ್ಲಿ ದೀಪ ಮಿಣುಕುವ, ಗುಂಯ್‌ಗುಡುವ ಯಂತ್ರವೊಂದಿತ್ತು. ಸೊಂಟ ಹಿಡಿದವರು, ಕುತ್ತಿಗೆ ಉಳುಕಿದವರು, ಮಗನೊಂದಿಗೆ ಜಗಳಾಡಿ ಮನಸ್ಸು ಕೆಟ್ಟವರು ಎಲ್ಲರೂ "ಒಂದೀಟು ಕರೆಂಟು ಹಚ್ರಿ" ಎಂದೇ ಬರುತ್ತಿದ್ದರು. ವ್ಯಾಯಾಮ ಹೇಳಿಕೊಟ್ಟರೆ ಮುಖ ಸಣ್ಣದು ಮಾಡುತ್ತಿದ್ದರು. ದಿನವಿಡೀ ಹೊಲದಲ್ಲಿ ದುಡಿದವರಿಗೆ ಕೈ ಮೇಲೆತ್ತು, ಕೆಳಗಿಳಿಸು ಎಂದರೆ ಇನ್ನೇನು ಮಾಡಿಯಾರು?

ಒಂದು ಮಳೆಗಾಲ ಆ ಯಂತ್ರ ಕೆಟ್ಟಿತು. ದೀಪ ಹತ್ತುತ್ತಿತ್ತು, ಶಬ್ದ ಬರುತ್ತಿತ್ತು, ರೋಗಿಯ ಮೈಗೆ ಮಾತ್ರ ಏನೂ ತಲುಪುತ್ತಿರಲಿಲ್ಲ. ನಮ್ಮ ಆಸ್ಪತ್ರೆಯ ಮುಖ್ಯ ವೈದ್ಯರು ಡಾಕ್ಟರ್ ವಿರೂಪಾಕ್ಷಯ್ಯ. ಹೋಗಿ ಹೇಳಿದೆ.

"ದೀಪ ಹತ್ತತದಲ್ಲ?" ಎಂದರು.

"ದೀಪ ಹತ್ತತದ್ರಿ ಸರ್. ಕೆಲಸ ಮಾಡಂಗಿಲ್ಲ."

"ಮಂದಿಗಿ ಬೇಕಾಗಿದ್ದು ದೀಪರೀ. ನಡಸ್ರಿ."

ನಾನು ನಡೆಸಲಿಲ್ಲ, ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟೆ. ಅದಕ್ಕೆ ನನ್ನ ಮೇಲೆ ದೂರು ಬಂತು. ಯಂತ್ರ ಕೆಟ್ಟಿದೆ ಎಂದಲ್ಲ, ಬಾಯಿ ಕರೆಂಟು ಕೊಡಲು ಒಲ್ಲೆ ಅಂತಾಳೆ ಎಂದು. ವಿರೂಪಾಕ್ಷಯ್ಯನವರ ವೈದ್ಯ ಸಿದ್ಧಾಂತವೇ ಅದು: ರೋಗಿಗೆ ಬೇಕಾದದ್ದನ್ನು ಕೊಟ್ಟು ಕಳಿಸುವುದು. ದೀಪ ಬೇಕೆಂದವರಿಗೆ ದೀಪ, ಸೂಜಿ ಬೇಕೆಂದವರಿಗೆ ಸೂಜಿ. ಅವರನ್ನು ಬೈಯುವವರನ್ನು ನಾನು ಈವರೆಗೂ ಕಂಡಿಲ್ಲ.

ನನ್ನ ನಿವೃತ್ತಿ ಹತ್ತಿರ ಬಂದಿದ್ದಾಗ ಗಾಲ್ಫ್ ಬಂತು.

ತಂದವರು ಸಿದ್ರಾಮಗೌಡರು. ಸುರಪುರದಲ್ಲಿ ದೊಡ್ಡ ಮನೆ, ಶಹಾಪುರದ ಹೊರಗೆ ಹತ್ತಿ ಜಿನ್ನಿಂಗ್ ಮಿಲ್ಲು, ಭೀಮರಾಯನಗುಡಿ ದಾರಿಯಲ್ಲಿ ಕಾಲುವೆಗೆ ಹತ್ತಿದ ಎರೆಹೊಲ, ಅಂದರೆ ಅಂಟು ಕಪ್ಪುಮಣ್ಣಿನ ಹೊಲ. ಹೈದರಾಬಾದಿನಲ್ಲಿ ಬೀಗರ ಕಡೆಯ ಮದುವೆಗೆ ಹೋದಾಗ ಅಲ್ಲಿ ಹಸಿರು ಹುಲ್ಲಿನ ಮೇಲೆ ದೊಡ್ಡ ಮನುಷ್ಯರು ಸಣ್ಣ ಚೆಂಡು ಹೊಡೆಯುವುದನ್ನು ನೋಡಿದರಂತೆ. ಅವರ ಮನಸ್ಸಿಗೆ ನಾಟಿದ್ದು ಆಟವಲ್ಲ. ಆಡುವವರ ಚೀಲವನ್ನು ಬೇರೆಯವರು ಹೊರುತ್ತಿದ್ದರು. ಇಂಥ ಆಟ ತಾವು ಇಷ್ಟು ದಿನ ಯಾಕೆ ಆಡಲಿಲ್ಲ ಎಂದು ಗೌಡರು ಮರುಗಿದರು.

ಆ ವರ್ಷವೇ ಎರೆಹೊಲ ಗಾಲ್ಫ್ ಮೈದಾನವಾಯಿತು. ತಂದು ನೆಟ್ಟ ಹುಲ್ಲನ್ನು ಪಕ್ಕದ ಹಳ್ಳಿಯ ಮೇಕೆಗಳು ಮೊದಲ ದಿನವೇ ಪರೀಕ್ಷಿಸಿ ಮೆಚ್ಚಿಕೊಂಡವು. ಬೇಲಿ ಹಾಕಿಸಿದರು. ಮಳೆಗಾಲದಲ್ಲಿ ಆಡಲು ಹೋದವರ ಬೂಟು ಎರೆಯಲ್ಲಿ ಉಳಿದು ಕಾಲು ಮಾತ್ರ ಹೊರಗೆ ಬರುತ್ತಿತ್ತು. ಬೇಸಿಗೆಯಲ್ಲಿ ಎರೆ ಕಲ್ಲಾಗಿ, ಅಂಗೈ ಹೋಗುವಷ್ಟು ಬಿರುಕು ಬಿಟ್ಟು, ಚೆಂಡುಗಳನ್ನು ನುಂಗುತ್ತಿತ್ತು. ಚೆಂಡು ಸೇರಬೇಕಾದ ಕುಳಿಗಳನ್ನು ಗೌಡರು ತೋಡಿಸಿದ್ದರು. ಇಲಿಗಳು ತಮ್ಮ ಕುಳಿಗಳನ್ನು ಮೊದಲೇ ತೋಡಿಕೊಂಡಿದ್ದವು. ಯಾವ ಕುಳಿಗೆ ಬಿದ್ದರೆ ಗೆಲುವು ಎಂಬ ಬಗ್ಗೆ ಅಲ್ಲಿ ವಾದ ನಡೆಯುತ್ತಲೇ ಇತ್ತು.

ಚೀಲ ಹೊರಲು ಮಿಲ್ಲಿನ ಟ್ರ್ಯಾಕ್ಟರ್ ಡ್ರೈವರ್ ಮೆಹಬೂಬನನ್ನು ನೇಮಿಸಿದರು. ಜೊತೆಗೆ ಆಡಲು ಅವರಿವರನ್ನು ಕರೆದರು. ಅವರಲ್ಲಿ ನಮ್ಮ ವಿರೂಪಾಕ್ಷಯ್ಯನವರೂ ಒಬ್ಬರು. ಕಲಿಸಲು ಗುರು ಮೊಬೈಲ್‌ನಲ್ಲಿದ್ದ. ಗೌಡರು ವಿಡಿಯೊ ನೋಡುವುದು, ಎದ್ದು ಹೋಗಿ ಹೊಡೆಯುವುದು. ವಿಡಿಯೊದವನು ಎಡಗೈ ನೇರ ಇರಲಿ ಎನ್ನುತ್ತಿದ್ದ. ಇವರು ನೇರ ಇಟ್ಟರು. ಸೊಂಟ ತಿರುಗಲಿ ಎನ್ನುತ್ತಿದ್ದ. ಅದೊಂದು ಇವರಿಂದ ಆಗಲಿಲ್ಲ. ಗೌಡರ ಸೊಂಟ ತಿರುಗುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಯಾರಾದರೂ ಹಿಂದಿನಿಂದ ಕರೆದರೆ, ಕರೆದವರೇ ಸುತ್ತಿ ಬಂದು ಅವರ ಮುಂದೆ ನಿಲ್ಲುವ ಪದ್ಧತಿ.

ಹುಡುಗಿಯರಿಗೆ ಇಲ್ಲಿ ನಾನು ಕತೆ ನಿಲ್ಲಿಸಿ ತಟ್ಟೆಯ ಮೇಲೆ ಮೋಸಂಬಿ ಇಟ್ಟು ತೋರಿಸಿದೆ. ಭುಜದ ಕೀಲೆಂದರೆ ಇಷ್ಟೇ: ಸಪಾಟು ತಟ್ಟೆ, ಮೇಲೊಂದು ಗುಂಡು. ಜಾರದಂತೆ ಸುತ್ತ ಹಿಡಿದಿರುವುದು ನಾಲ್ಕು ಸಣ್ಣ ಸ್ನಾಯುಗಳು. ಬಲಗೈ ರೂಢಿಯವನು ಗಾಲ್ಫ್ ಕೋಲನ್ನು ಹಿಂದಕ್ಕೆ ಎತ್ತಿದಾಗ ಎಡಗೈ ಎದೆಗೆ ಅಡ್ಡ ಬರುತ್ತದೆ, ಎಡಭುಜದ ಮುಂಭಾಗ ಒತ್ತುತ್ತದೆ. ಸೊಂಟ, ಬೆನ್ನು ತಿರುಗಿದರೆ ಭುಜಕ್ಕೆ ಭಾರ ಕಡಿಮೆ. ಅವು ತಿರುಗದಿದ್ದರೆ ಅವುಗಳ ಕೆಲಸವನ್ನೂ ಭುಜವೇ ಮಾಡಬೇಕು. ಇದರ ಮೇಲೆ ಕೋಲು ಚೆಂಡಿಗೆ ಬೀಳದೆ ನೆಲಕ್ಕೆ ಬಿದ್ದರೆ, ಆ ಪೆಟ್ಟು ಕೋಲಿನಗುಂಟ ಏರಿ ನೆಟ್ಟಗೆ ಆ ನಾಲ್ಕು ಸ್ನಾಯುಗಳಿಗೆ ಬಡಿಯುತ್ತದೆ. ನೆಲ ಹೈದರಾಬಾದಿನ ಹುಲ್ಲಾದರೆ ಒಂದು ಮಾತು. ಬೇಸಿಗೆಯ ಎರೆಯಾದರೆ?

ಗೌಡರ ಎಡಭುಜ ನೋಯತೊಡಗಿತು. ಮನೆಯವರು ಮೊದಲು ಹೃದಯ ಎಂದು ಹೆದರಿ ಕಲಬುರಗಿಗೆ ಕರೆದೊಯ್ದರು. ಹೃದಯ ಸರಿಯಾಗಿದೆ ಎಂದು ಅಲ್ಲಿಯವರು ಹೇಳಿದಾಗ ಗೌಡರಿಗೆ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಾಯಿತಂತೆ. ನಂತರ ಯಾರೋ ಇದು ಗಾಲ್ಫ್ ಆಡುವವರಿಗೆ ಬರುವ ಭುಜದ ನೋವು ಎಂದರು. ಗೌಡರು ಮತ್ತೆ ನೆಟ್ಟಗೆ ಕೂತರು. ಸುರಪುರದಲ್ಲಿ ಅಂಥ ನೋವು ಇನ್ನೊಬ್ಬರಿಗಿರಲಿಲ್ಲ.

ಅವರು ಆಸ್ಪತ್ರೆಗೆ ಬರಲಿಲ್ಲ. ನನಗೇ ಕರೆ ಬಂತು. ರಜೆಯ ದಿನ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಗೌಡರು ದಿವಾನದ ಮೇಲೆ ಕೂತಿದ್ದರು. ಅವರ ಹೆಂಡತಿ ನೀಲಮ್ಮ ಬಾಗಿಲ ಹತ್ತಿರ ನಿಂತಿದ್ದರು. ಗಾಲ್ಫನ್ನು ನಾನು ಪುಸ್ತಕದ ಚಿತ್ರದಲ್ಲಿ ನೋಡಿದ್ದೆನೇ ಹೊರತು ಆಡುವುದನ್ನು ಕಂಡಿರಲಿಲ್ಲ. ನೋವು ಯಾವ ಹಂತದಲ್ಲಿ ಬರುತ್ತದೆ ಎಂದು ತಿಳಿಯಬೇಕಿತ್ತು.

"ಒಮ್ಮಿ ಹೊಡದು ತೋರಸ್ರಿ ಗೌಡ್ರ. ಹಗೂರಕ."

ಹಗುರ ಎಂಬ ಶಬ್ದ ಗೌಡರು ಕೇಳಿರಲಿಕ್ಕಿಲ್ಲ. ಎದ್ದರು, ಕೋಲು ತರಿಸಿದರು, ಪೂರಾ ಎತ್ತಿದರು. ಕೋಲು ತೊಲೆಗೆ ತೂಗುಹಾಕಿದ್ದ ಗಾಜಿನ ದೀಪದ ಗೊಂಚಲಿಗೆ ಬಡಿದು ಅದರ ಅರ್ಧ ಭಾಗ ನನ್ನ ತಲೆಯ ಮೇಲೆಯೇ ಬಿತ್ತು. ಹಿಂದಿನ ಕಾಲದಿಂದ ಬಂದ ದೀಪವಂತೆ. ಕ್ರೀಡಾಗಾಯದ ತಪಾಸಣೆಯನ್ನು ಬಯಲಿನಲ್ಲೇ ಮಾಡಬೇಕು ಎಂದು ಯಾವ ಪುಸ್ತಕವೂ ಬರೆದಿಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಚೂರು ಗುಡಿಸಿದ ಮೇಲೆ ಭುಜ ಮುಟ್ಟಿ, ಎತ್ತಿಸಿ, ಒತ್ತಿ ನೋಡಿದೆ. ಸ್ನಾಯು ಸೋತಿತ್ತು, ಹರಿದಿರಲಿಲ್ಲ. ಸರಿಯಾದ ಸಮಯಕ್ಕೆ ಕರೆದಿದ್ದರು. ಹೇಳಿದೆ: ಕೆಲವು ವಾರ ಕೋಲು ಮುಟ್ಟಬಾರದು. ನೋವಿಳಿದ ಮೇಲೆ ರಬ್ಬರ್ ಪಟ್ಟಿ ಎಳೆದು ಭುಜದ ಹಿಂದಿನ ಸ್ನಾಯು ಬಲಪಡಿಸಬೇಕು. ಸೊಂಟ ತಿರುಗಿಸುವ ವ್ಯಾಯಾಮ ದಿನವೂ ಆಗಬೇಕು. ಮತ್ತೆ ಆಡುವಾಗ ಮೊದಲು ಮೈ ಬಿಸಿಯಾಗುವಷ್ಟು ನಡೆದು, ಕೈ ತಿರುಗಿಸಿ, ಕೋಲನ್ನು ಅರ್ಧವೇ ಎತ್ತಿ ಹೊಡೆಯುವುದರಿಂದ ಶುರು ಮಾಡಬೇಕು. ದಪ್ಪ ರಬ್ಬರ್ ಹಾಸಿನ ಮೇಲೆ ಚೆಂಡಿಟ್ಟು ಹೊಡೆಯಬೇಕು. ಬೇಸಿಗೆಯ ಬರಿ ಎರೆಯ ಮೇಲೆ ಎಂದೂ ಕೂಡದು. ನೋವು ಬಂದ ಕ್ಷಣ ನಿಲ್ಲಿಸಬೇಕು.

ಗೌಡರು ಎಲ್ಲ ಕೇಳಿ, "ಅದೆಲ್ಲ ಖರೆ. ಸೂಜಿ ಯಾವಾಗ ಮಾಡ್ತೀರಿ?" ಎಂದರು.

"ನಾ ಸೂಜಿ ಮಾಡಂಗಿಲ್ರಿ. ಇದಕ್ಕ ಸೂಜಿ ಈಗ ಬೇಕಾಗೂ ಇಲ್ಲ."

"ಸೂಜಿ ಮಾಡದ ಡಾಕ್ಟರು, ನೀವ್ಯಾಕ ಬಂದ್ರಿ ಅಷ್ಟು ದೂರದಿಂದ?"

ನಾನು ಬಸ್ಸು ಹತ್ತಿ ಶಹಾಪುರಕ್ಕೆ ಬಂದೆ. ಗೌಡರು ವಿರೂಪಾಕ್ಷಯ್ಯನವರಿಗೆ ಫೋನು ಮಾಡಿದರು.

ಅವರು ಭುಜಕ್ಕೆ ಕೊಟ್ಟ ಸ್ಟೆರಾಯ್ಡ್ ಸೂಜಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ತಕ್ಕ ರೋಗಕ್ಕೆ, ತಕ್ಕ ಸಮಯಕ್ಕೆ, ನಂತರ ವಿಶ್ರಾಂತಿಯೊಂದಿಗೆ ಕೊಟ್ಟರೆ ಉಪಕಾರಿ. ಗೌಡರಿಗೆ ಅದು ನೋವು ಮುಚ್ಚುವ ಪರದೆಯಾಯಿತು. ಚುಚ್ಚಿಸಿಕೊಂಡು ಆಡುವುದು, ನೋವು ಮರಳಿದರೆ ಮತ್ತೆ ಚುಚ್ಚಿಸಿಕೊಳ್ಳುವುದು. ನೋವೆಂಬ ಕಾವಲುಗಾರನನ್ನು ಮಲಗಿಸಿ ಕಳ್ಳನಿಗೆ ಬಾಗಿಲು ತೆರೆದರು. ನಾನು ಒಮ್ಮೆ ಧೈರ್ಯ ಮಾಡಿ ಕೇಳಿದೆ: "ಸರ್, ಹಿಂಗ ಮ್ಯಾಲಿಂದ ಮ್ಯಾಲ ಕೊಟ್ರ ಸ್ನಾಯು ಹರೀತದಲ್ರಿ?"

ವಿರೂಪಾಕ್ಷಯ್ಯನವರು ನನ್ನನ್ನು ಕರುಣೆಯಿಂದ ನೋಡಿದರು. "ನಸೀಮಾ ಬಾಯಿ, ಗೌಡ್ರು ಖುಷಿ ಆಗ್ಯಾರ. ನೀವ್ಯಾಕ ನಡುವ?"

ನಾನು ನಡುವಿನಿಂದ ಸರಿದೆ. ಅಷ್ಟರಲ್ಲಿ ನಿವೃತ್ತಿಯೂ ಬಂತು.

ಗೌಡರು ಆ ಬೇಸಿಗೆಯಲ್ಲಿ ಪಂದ್ಯವೊಂದನ್ನು ಏರ್ಪಡಿಸಿದರು. ಉದ್ಘಾಟನೆಗೆ ರಾಜಧಾನಿಯಿಂದ ದೊಡ್ಡ ರಾಜಕಾರಣಿಯೊಬ್ಬರು ಬಂದರು. ನಿವೃತ್ತಳೆಂಬ ಗೌರವದಿಂದ ನನ್ನನ್ನೂ ಕರೆದು ಹಿಂದಿನ ಸಾಲಿನಲ್ಲಿ ಕೂಡಿಸಿದ್ದರು. ಬೆಳಿಗ್ಗೆಯೇ ಬಿಸಿಲು ಚುರುಗುಡುತ್ತಿತ್ತು. ಮೊದಲ ಹೊಡೆತ ಗೌಡರದು. ನಂತರ ಅತಿಥಿಗೆ ಹಾರ ಹಾಕುವುದು ಎಂದು ಕ್ರಮ. ಗೌಡರು ನಡೆದು ಮೈ ಬಿಸಿ ಮಾಡಿಕೊಳ್ಳಲಿಲ್ಲ. ಜೀಪಿನಿಂದ ಇಳಿದವರೇ ಕೋಲು ಎತ್ತಿದರು. ಕೋಲು ಚೆಂಡಿನ ಹಿಂದಿನ ಎರೆಹೆಂಟೆಗೆ ಬಡಿಯಿತು. ಚೆಂಡು ಇದ್ದಲ್ಲೇ ಇತ್ತು. ಗೌಡರ ಎಡಗೈ ಪಕ್ಕಕ್ಕೆ ಜೋತುಬಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತು.

ಮಂದಿ ಚಪ್ಪಾಳೆ ತಟ್ಟಿದರು. ಆಟ ಹೇಗಿರಬೇಕೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೌಡರು ಗಟ್ಟಿಗರು. ನೋವು ನುಂಗಿ ಹಾರ ಹಾಕಲು ವೇದಿಕೆ ಏರಿದರು. ಹಾರ ಎರಡು ಕೈಯಲ್ಲಿ ಎತ್ತುವಂಥದ್ದು. ಎಡಗೈ ಏಳಲಿಲ್ಲ. ಹಾರ ಹೊಟ್ಟೆಯ ಮಟ್ಟದಲ್ಲೇ ನಿಂತಿತು. ಅತಿಥಿ ಸ್ವಲ್ಪ ಕಾದು ನೋಡಿ, ತಾವೇ ಬಗ್ಗಿದರು. ಇನ್ನೂ ಬಗ್ಗಿದರು. ಕೊನೆಗೆ ಗೌಡರ ಪಾದದ ಕಡೆ ಮುಖ ಮಾಡಿ ಹಾರದೊಳಗೆ ತಲೆ ತೂರಿಸಿದರು. ಫೋಟೊ ತೆಗೆದವನು ಅದೇ ಕ್ಷಣ ತೆಗೆದ. ಅದು ಊರೂರಿನ ಮೊಬೈಲಿಗೆ ಹೋಯಿತು. ಅಷ್ಟು ದೊಡ್ಡವರು ನಮ್ಮ ಗೌಡರ ಕಾಲಿಗೆ ಬಿದ್ದರು ಎಂದು ಸುರಪುರದಿಂದ ಯಾದಗಿರಿಯವರೆಗೆ ಸುದ್ದಿ. ಗೌಡರ ತೂಕ ಹೆಚ್ಚಿತು. ಭುಜ ಮಾತ್ರ ಹೋಯಿತು.

ಹೈದರಾಬಾದಿನ ಸ್ಕ್ಯಾನಿನಲ್ಲಿ ಸ್ನಾಯು ಎಲುಬಿನಿಂದ ಪೂರ್ತಿ ಕಿತ್ತು ಬಂದಿದ್ದು ಕಂಡಿತು. ಅಲ್ಲೇ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿಯ ಸರ್ಜನ್ ಕೊನೆಯಲ್ಲಿ ಒಂದು ಮಾತು ಹೇಳಿ ಕಳಿಸಿದರು: "ನಾನು ಹೊಲಿದಿದ್ದೇನೆ. ಅರ್ಧ ಕೆಲಸ ಮುಗಿಯಿತು. ಉಳಿದರ್ಧ ನಿಮ್ಮ ಫಿಸಿಯೋಥೆರಪಿಸ್ಟ್ ಮಾಡಬೇಕು." ಗೌಡರ ಕಾರು ನನ್ನ ಮನೆಯ ಮುಂದೆ ನಿಂತಿತು. ಸೂಜಿ ಮಾಡದ ಡಾಕ್ಟರು ಬೇಕಾಗಿದ್ದರು.

ಹೊಲಿದ ಭುಜವನ್ನು ಮರಳಿ ಎಬ್ಬಿಸುವುದು ದೊಡ್ಡ ತಾಳ್ಮೆಯ ಕೆಲಸ. ಮೊದಮೊದಲು ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲೇ ಕೈ. ನಂತರ ಮುಂದೆ ಬಗ್ಗಿ ಕೈಯನ್ನು ಲೋಲಕದಂತೆ ತೂಗುವುದು. ನಂತರ ಬಾಗಿಲ ಮೇಲಿನ ಗಾಲಿಗೆ ಹಗ್ಗ ಹಾಕಿ ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಎಳೆಯುವುದು. ಆಮೇಲೆ ಗೋಡೆಯ ಮೇಲೆ ಬೆರಳು ನಡೆಸುತ್ತ ಏರುವುದು. ಗೌಡರು ಜೋಳಿಗೆಯ ಹಂತದಲ್ಲಿ ಬಹಳ ಚೆನ್ನಾಗಿದ್ದರು, ಏನೂ ಮಾಡಬೇಕಿರಲಿಲ್ಲ. ಹಗ್ಗ ಕೈಗೆ ಕೊಟ್ಟಾಗ ಮೆಹಬೂಬನನ್ನು ಕರೆದರು.

"ಮೆಹಬೂಬ, ಹಗ್ಗ ಎಳಿ."

"ಅವ ಎಳದ್ರ ಅವನ ಭುಜ ಛಲೋ ಆಗ್ತದ್ರಿ ಗೌಡ್ರ," ಎಂದೆ.

ಆ ಮನೆಗೆ ವಾರಕ್ಕೆ ಕೆಲವು ಸಲ ಹೋಗತೊಡಗಿದ ಮೇಲೆ ನನ್ನ ಕಣ್ಣು ನೀಲಮ್ಮನವರ ಮೇಲೆ ಬಿತ್ತು. ಮೊದಲ ಸಲ ಬಂದಾಗಲೂ ಅವರು ಬಾಗಿಲಲ್ಲಿ ನಿಂತಿದ್ದರು. ನಾನು ದೀಪದ ಚೂರು ಕೂದಲಿಂದ ಆರಿಸಿಕೊಳ್ಳುವುದರಲ್ಲಿದ್ದೆ. ಈಗ ನೋಡಿದೆ. ಚಹಾದ ಬಶಿ ಕೊಡುವಾಗ ಬಲಗೈಯನ್ನು ಎಡಗೈಯಿಂದ ಆಧರಿಸಿ ಹಿಡಿಯುತ್ತಿದ್ದರು. ಬಲಗಡೆ ಸೆರಗು ಜಾರಿದರೆ ಎಡಗೈ ಸುತ್ತಿ ಹೋಗಿ ಎಳೆದುಕೊಳ್ಳುತ್ತಿತ್ತು. ಒಂದು ದಿನ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಅಷ್ಟು ದೊಡ್ಡ ಅಡುಗೆಮನೆಯ ಗೋಡೆಗೂಡುಗಳೆಲ್ಲ ಖಾಲಿ. ಬೇಳೆ, ಸಕ್ಕರೆ, ಜೋಳದ ಹಿಟ್ಟಿನ ಡಬ್ಬಿಗಳೆಲ್ಲ ನೆಲದ ಮೇಲೆ ಸಾಲಾಗಿ ಇಳಿದಿದ್ದವು.

"ನೀಲಮ್ಮಾರ, ಈ ಕೈ ಎಂದಿನಿಂದ ಹಿಂಗಾಗ್ಯದ?"

ಅವರು ಮೊದಲು ಹೊರಗಿನ ಪಡಸಾಲೆಯ ಕಡೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಹ್ವಾದ ದೀಪಾವಳಿ ಮುಂದ ಸುರುವಾತ್ರಿ. ರಾತ್ರಿ ಮಗ್ಗಲಾ ಬದಲಸಾಕ ಆಗಂಗಿಲ್ಲ. ಕುಪ್ಪಸದ ಗುಂಡಿ ಹಾಕ್ಕೊಳಾಕ ಆಗಂಗಿಲ್ಲ, ಕೆಲಸದಾಕಿ ಹಾಕ್ತಾಳ. ಕೈ ಮ್ಯಾಲ ಹೋಗಂಗಿಲ್ರಿ. ಹೋಗ್ಲಿ ಬಿಡ್ರಿ, ಮ್ಯಾಲ ನಂದೇನದ?" ಎಂದರು.

"ಯಾರಿಗೂ ಹೇಳಿಲ್ಲೇನ್ರಿ?"

"ಯಾರಿಗಿ ಹೇಳ್ಲಿ? ಮನಿಯಾಗ ಎಲ್ಲಾರೂ ಅವರ ಭುಜ ನೋಡಾಕತ್ತಾರ."

ಕೈ ಎತ್ತಿಸಿ ನೋಡಿದೆ. ನಾನೇ ಹಿಡಿದು ಎತ್ತಿದರೂ ಎದೆಮಟ್ಟಕ್ಕಿಂತ ಮೇಲೆ ಹೋಗಲಿಲ್ಲ. ಹಿಂದಕ್ಕೆ ತಿರುಗಲೇ ಇಲ್ಲ. ಕೀಲಿನ ಸುತ್ತಲ ಚೀಲವೇ ಬಿಗಿದಿತ್ತು. ಇಂಥ ಬಿಗಿತ ಕಂಡಾಗ ಮೊದಲು ಕೇಳಬೇಕಾದದ್ದು ಸಕ್ಕರೆ ಕಾಯಿಲೆಯ ಬಗ್ಗೆ. ಕೇಳಿದೆ, ರಕ್ತ ಪರೀಕ್ಷೆಯನ್ನೇ ಅವರು ಮಾಡಿಸಿರಲಿಲ್ಲ. ನೀರು ಹೆಚ್ಚು ಕುಡಿಯುತ್ತೀರಾ ಎಂದೆ, ಹೌದೆಂದರು. ಕಾಲು ತೋರಿಸಿ ಎಂದೆ. ಸೀರೆಯ ಅಂಚು ಸರಿಸಿದರು. ಹೆಬ್ಬೆರಳ ಪಕ್ಕದಲ್ಲಿ ಒಂದು ಹುಣ್ಣು. ಚಪ್ಪಲಿ ಕಚ್ಚಿದ್ದಂತೆ, ಮಳೆಗಾಲ ಕಳೆದರೂ ಮಾಯ್ದಿರಲಿಲ್ಲ. ಅರಿಶಿಣ ಹಚ್ಚಿ ಮುಚ್ಚಿದ್ದರು.

ಪಡಸಾಲೆಗೆ ಬಂದು ಗೌಡರಿಗೆ ಹೇಳಿದೆ. ಅವರು ಹಗ್ಗ ಹಿಡಿದು ಕೂತಿದ್ದರು, ಎಳೆಯುತ್ತಿರಲಿಲ್ಲ.

"ಆಕಿ ಭುಜಕ್ಕೇನಾಗ್ಯದ? ಆಕಿ ಏನು ಗಾಲ್ಫ್ ಆಡ್ತಾಳ?"

ಮೂವತ್ತು ವರ್ಷಕ್ಕೂ ಮೀರಿದ ಸೇವೆಯಲ್ಲಿ ನಾನು ದೊಡ್ಡವರಿಗೆ ಎದುರು ಮಾತಾಡಿದ್ದು ಕಡಿಮೆ. ಈಗ ಪಿಂಚಣಿದಾರಳು, ನನ್ನನ್ನು ವರ್ಗ ಮಾಡುವವರಿರಲಿಲ್ಲ.

"ಇಲ್ರಿ ಗೌಡ್ರ, ಆಡಂಗಿಲ್ಲ. ಅದಕ್ಕೇ ಆಕಿ ನೋವಿಗಿ ಕಾರು ಬಂದಿಲ್ಲ. ಇವತ್ತ ಕಲಬುರಗಿಗಿ ಕರಕೊಂಡು ಹೋಗ್ರಿ. ಭುಜಕ್ಕಲ್ಲ, ಆ ಕಾಲಿಗಿ. ನಾಳಿ ಅಂದ್ರ ನಾ ಮತ್ತ ಈ ಮನಿಗಿ ಬರಂಗಿಲ್ಲ, ನಿಮ್ಮ ಕೈ ನೀವೇ ನೋಡ್ಕೋರಿ."

ಗೌಡರು ಬಾಯಿ ತೆರೆದರು. ಹಿಂದಿನಿಂದ ನೀಲಮ್ಮ, "ಹೋಗ್ಲಿ ಬಿಡ್ರಿ ಬಾಯಿಯವರ, ಅವರಿಗಿ ತ್ರಾಸ ಆಗ್ತದ," ಎಂದರು. ಆ ಮಾತು ಕೇಳಿಯೋ ಏನೋ, ಗೌಡರು ತಿರುಗಿ ನೋಡಿದರು. ತಿರುಗದ ಆ ಸೊಂಟದಿಂದಲೇ, ಕುರ್ಚಿಯಲ್ಲಿ ಪೂರಾ ಹೊರಳಿ ಹೆಂಡತಿಯ ಕಾಲು ನೋಡಿದರು. ಆಮೇಲೆ ಮೆಹಬೂಬನಿಗೆ ಕಾರು ತೆಗೆ ಎಂದರು. ಜೋಳಿಗೆಯಲ್ಲಿ ಕೈ ಹಾಕಿಕೊಂಡು ತಾವೂ ಹಿಂದಿನ ಸೀಟಿನಲ್ಲಿ ಕೂತರು.

ರಕ್ತದಲ್ಲಿ ಸಕ್ಕರೆ ಬಹಳ ಏರಿತ್ತು. ಇನ್ನಷ್ಟು ತಡವಾಗಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಎಂದು ಅಲ್ಲಿಯವರು ಹೇಳಿದರಂತೆ. ಔಷಧ ಶುರುವಾಯಿತು, ಹುಣ್ಣು ನಿಧಾನವಾಗಿ ಒಣಗಿತು. ಗೌಡರು ಆ ವಾರ ಯಾರೊಂದಿಗೂ ಮಾತಾಡಲಿಲ್ಲ ಎಂದು ಮೆಹಬೂಬ ಹೇಳಿದ. ಪಶ್ಚಾತ್ತಾಪವೋ, ಮನೆಯಲ್ಲಿ ತಮ್ಮದಲ್ಲದ ರೋಗವೊಂದಕ್ಕೆ ಜಾಗ ಬಿಡಬೇಕಾಯಿತೆಂಬ ಬೇಸರವೋ, ನಾನು ಕೇಳಲಿಲ್ಲ.

ಆಮೇಲೆ ಒಂದೇ ಬಾಗಿಲಿಗೆ ಇಬ್ಬರ ಚಿಕಿತ್ಸೆ. ಮೊದಲು ಗೌಡರು, ನಂತರ ನೀಲಮ್ಮ. ಗೋಡೆಯ ಮೇಲೆ ಬೆರಳು ಎಲ್ಲಿಯವರೆಗೆ ಏರಿತೋ ಅಲ್ಲಿ ಸೀಮೆಸುಣ್ಣದ ಗೆರೆ. ಮೊದಲೆಲ್ಲ ಗೌಡರ ಗೆರೆ ಮೇಲಿತ್ತು. ನೀಲಮ್ಮ ಬಿಸಿ ಬಟ್ಟೆಯ ಶಾಖ ಕೊಟ್ಟುಕೊಂಡು ದಿನವೂ ತಪ್ಪದೆ ಮಾಡಿದರು. ಅಳು ಬಂದರೆ ಅತ್ತು ಮಾಡಿದರು. ಗೌಡರು ನಾನು ಬಂದ ದಿನ ಮಾಡಿದರು. ಬಿಗಿದ ಭುಜ ಸಡಿಲಾಗಲು ಎಷ್ಟೋ ತಿಂಗಳು ಬೇಕು. ಈ ವೃತ್ತಿಗೆ ಬರುವವರು ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ರೋಗಿ ನಡುವೆ ಕೈಬಿಡುತ್ತಾನೆ. ನೀಲಮ್ಮ ಕೈಬಿಡಲಿಲ್ಲ. ಒಂದು ದಿನ ಅವರ ಗೆರೆ ಗೌಡರ ಗೆರೆಯನ್ನು ದಾಟಿತು.

ಗೌಡರು ಕನ್ನಡಕ ತರಿಸಿ ನೋಡಿದರು. "ಇದು ಸರಿ ಇಲ್ಲ. ಆಕಿ ಹಿಮ್ಮಡ ಎತ್ತಿರಬೇಕು."

"ನೀವೂ ಎತ್ರಿ," ಎಂದರು ನೀಲಮ್ಮ.

ನಾನು ಆ ಮನೆಯಲ್ಲಿ ಅವರ ದನಿ ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಆ ಹಟಕ್ಕೆ ಗೌಡರೂ ಕೆಲವು ವಾರ ಮನಸ್ಸಿಟ್ಟು ಮಾಡಿದರು. ಕೈ ಭುಜಮಟ್ಟ ದಾಟಿತು. ಸ್ವಂತ ಕೈಯಿಂದ ತಲೆಗೆ ರುಮಾಲು ಸುತ್ತಿಕೊಳ್ಳುವಂತಾದ ದಿನ ಊರಿಗೆಲ್ಲ ಪೇಡೆ ಹಂಚಿದರು, ನೀಲಮ್ಮನವರೊಬ್ಬರನ್ನು ಬಿಟ್ಟು. ಅದು ಮರೆವಲ್ಲ, ಸಕ್ಕರೆಯ ನೆನಪಿತ್ತು. ಅಷ್ಟಕ್ಕೇ ತೃಪ್ತರಾಗಿ ಹಗ್ಗ ಬಿಟ್ಟರು. ಅವರ ಗೆರೆ ಅಲ್ಲೇ ನಿಂತಿತು.

ವಿರೂಪಾಕ್ಷಯ್ಯನವರು ಒಮ್ಮೆ ನೋಡಲು ಬಂದಿದ್ದರು. "ನಾ ಮೊದಲಿಂದಾನೇ ಹೇಳಾಕತ್ತಿದ್ದೆ, ವ್ಯಾಯಾಮ ಮಾಡ್ರಿ ಅಂತ," ಎಂದು ನನ್ನ ಎದುರಿಗೇ ಹೇಳಿ, ಚಹಾ ಕುಡಿದು ಹೋದರು. ಅವರ ಕೈಗುಣ ದೊಡ್ಡದೆಂದು ಗೌಡರು ಈಗಲೂ ಹೇಳುತ್ತಾರೆ.

ವರ್ಷದ ಮೇಲೆ ಹೈದರಾಬಾದಿನ ಸರ್ಜನ್ ಕೊನೆಯ ತಪಾಸಣೆ ಮಾಡಿ, ಎಡಗೈ ತಲೆಯ ಮೇಲೆ ನೋವಿಲ್ಲದೆ ಪೂರ್ತಿ ಏರಿದ ದಿನ ಹಗುರವಾಗಿ ಆಡಬಹುದು ಎಂದರಂತೆ. ಗೌಡರಿಗೆ ಕೇಳಿಸಿದ್ದು ಆಡಬಹುದು ಎಂಬುದೊಂದೇ. ಮರುದಿನ ನಾನು ಹೋದಾಗ ಮೈದಾನಕ್ಕೆ ಹೊರಡಲು ಬೂಟು ಹಾಕಿಕೊಂಡು ಸಿದ್ಧರಾಗಿದ್ದರು. ಬೇಸಿಗೆ ಮತ್ತೆ ಬಂದಿತ್ತು, ಎರೆ ಮತ್ತೆ ಬಿರಿದಿತ್ತು. ಹಾಸು ತರಿಸಿರಲಿಲ್ಲ, ರಬ್ಬರ್ ಪಟ್ಟಿಯನ್ನು ಇಲಿ ಕಡಿದಿತ್ತು. ಇಷ್ಟು ತಿಂಗಳ ಕೆಲಸ ಒಂದೇ ಹೊಡೆತಕ್ಕೆ ಹೋಗುವುದಿತ್ತು. ನಾನು ಬೇಡವೆಂದೆ. ಅವರು ಬೂಟಿನ ದಾರ ಕಟ್ಟಿಸಿಕೊಳ್ಳುತ್ತಿದ್ದರು.

"ಕೋಲಿನ ಚೀಲ ತಾ," ಎಂದರು ಮೆಹಬೂಬನಿಗೆ.

ಚೀಲ ಬಂತು. ಹಗುರವಾಗಿ ಬಂತು; ಒಳಗೆ ಏನೂ ಇರಲಿಲ್ಲ.

"ಅವು ಇಲ್ಲಿ ಅದಾವ," ಎಂದು ನೀಲಮ್ಮ ಒಳಕೋಣೆಯ ಕಬ್ಬಿಣದ ಕಪಾಟಿನ ಕಡೆ ತೋರಿಸಿದರು. ಕಪಾಟಿನ ನೆತ್ತಿಯ ಮೇಲೆ, ಗೋಡೆಗೆ ಹತ್ತಿ, ಕೋಲುಗಳೆಲ್ಲ ಮಲಗಿದ್ದವು. ಭಾರ ಎತ್ತಬೇಡಿ ಎಂದು ನಾನೇ ನೀಲಮ್ಮನವರಿಗೆ ಹೇಳಿದ್ದೆ. ಮಾತು ಮೀರಿರಲಿಲ್ಲ, ಒಂದೊಂದಾಗಿ ಇಟ್ಟಿದ್ದರು, ಬಲಗೈಯಿಂದ.

"ಡಾಕ್ಟರ್ ಅಂದಾರಲ್ರಿ, ಎಡಗೈ ಮ್ಯಾಲ ಏರಿದ ದಿನ ಆಡ್ರಿ ಅಂತ. ಎಡಗೈಲೆ ತಗೋರಿ. ನಾ ಬ್ಯಾಡ ಅನ್ನಂಗಿಲ್ಲ."

ಗೌಡರು ಕಪಾಟಿನ ಮುಂದೆ ನಿಂತರು. ಎಡಗೈ ಎತ್ತಿದರು. ಅದು ಕಿವಿಯವರೆಗೆ ಹೋಗಿ ನಿಂತಿತು. ತುದಿಗಾಲಲ್ಲಿ ನಿಂತರು. ಬೂಟು ಕಿರ್ರೆಂದಿತು. ಬಲಗೈ ತಾನಾಗಿ ಅರ್ಧ ಮೇಲೆದ್ದಿತ್ತು. ನಾವಿಬ್ಬರೂ ಹೆಂಗಸರು ಅದನ್ನೇ ನೋಡುತ್ತಿರುವುದು ಕಂಡು ಇಳಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಮಿಲ್ಲಿನಲ್ಲಿ ಕೂಗುವ ದನಿಯಲ್ಲಿ ಕೂಗಿದರು.

"ಏ ಮೆಹಬೂಬ! ಆ ಕೋಲು ಇಳಸೋ!"

ಮೆಹಬೂಬ ಗೌಡರನ್ನು ನೋಡಿದ, ನೀಲಮ್ಮನವರನ್ನು ನೋಡಿದ. ಖಾಲಿ ಚೀಲ ನೆಲಕ್ಕಿಟ್ಟು ಎಡಭುಜವನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

"ಹೆಂಗ ಇಳಸ್ಲಿ ಮಾಲಕ್? ನಿಮ್ಮ ಚೀಲ ಹೊತ್ತು ಹೊತ್ತು ನನಗೂ ಗಾಲ್ಫ್ ಭುಜ ಆಗ್ಯದ."